ಕೀವಿಗೆ ಸಕ್ಕರೆ ಹಂಚಿದ ಮನೆ

ಕಳೆದ ವಾರ ಸಂತೆಕಲ್ಲೂರಿಗೆ ಹೋದಾಗ ನಮ್ಮ ಅತ್ತೆ ಶರಣಮ್ಮನವರು ಕಟ್ಟೆಯ ಮೇಲೆ ಕುಳಿತು ಹೋಗಿಬರುವವರಿಗೆಲ್ಲ ಸಕ್ಕರೆ ಹಂಚುತ್ತಿದ್ದರು. ಯಾರದಾದರೂ ಲಗ್ನ ಗೊತ್ತಾಯಿತೇನೋ ಎಂದುಕೊಂಡು ನಾನೂ ಕೈಯೊಡ್ಡಿದೆ. ವಿಷಯ ಅದಲ್ಲ. ಮೊಮ್ಮಗಳು ಗಿರಿಜಾ ಸೈಕಲ್ಲಿನಿಂದ ಬಿದ್ದು ಮೊಣಕಾಲು ತರಚಿಕೊಂಡಿದ್ದಳು. ಆ ಗಾಯ ಕೀವುಗಟ್ಟಿತ್ತು.

“ಕೀವು ಬಂದೈತಿ ಪದ್ಮಾ! ಹಳದೀದು, ಗಟ್ಟೀದು. ಬಾ, ನೀನ ನೋಡು,” ಎಂದು ಅತ್ತೆ ನನ್ನ ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಹೋದರು. ಓಣಿಗೆ ಹೊಸದಾಗಿ ಬಂದಿದ್ದ ಹೆಂಗಸೊಬ್ಬಳು ಸಕ್ಕರೆಯನ್ನು ಬಾಯಿಗೆ ಹಾಕಿಕೊಳ್ಳಬೇಕೋ ಸೆರಗಿಗೆ ಕಟ್ಟಿಕೊಳ್ಳಬೇಕೋ ತಿಳಿಯದೆ ಅಲ್ಲೇ ನಿಂತಿದ್ದಳು. ಪಾಪ, ಆಕೆಗೆ ಈ ಮನೆಯ ಕಥೆ ಗೊತ್ತಿಲ್ಲ.

ಗಾಯ ಒರೆಸೋಣವೆಂದು ನಾನು ನನ್ನ ಚೀಲದಿಂದ ಸ್ಪಿರಿಟ್ ಬಾಟಲಿ ತೆಗೆದು ಮುಚ್ಚಳ ತಿರುವಿದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಅತ್ತೆ ಚೀರಿದರು: “ಮುಚ್ಚು ಅದನ್ನ! ಆ ಬಾಟ್ಲಿ ಈ ಮನ್ಯಾಗ ಬ್ಯಾಡ ಅಂತ ಎಷ್ಟು ಸಲ ಹೇಳೀನಿ!” ನಾನು ಮುಚ್ಚಿದೆ. ಆದರೆ ವಾಸನೆ ಒಮ್ಮೆ ಹೊರಬಂದ ಮೇಲೆ ಮುಚ್ಚಳದ ಮಾತು ಕೇಳುತ್ತದೆಯೇ? ಗಿರಿಜಾ ಹುಟ್ಟಿದ ಆ ಬೇಸಿಗೆಯೆಲ್ಲ ಕಣ್ಣ ಮುಂದೆ ಬಂತು.

ಮೊದಲು ಯಾರು ಯಾರಿಗೆ ಏನಾಗಬೇಕು ಎಂದು ಹೇಳಿಬಿಡುತ್ತೇನೆ. ನಾನು ನಾಗಮಂಗಲದ ಕಡೆಯವಳು. ಮಸ್ಕಿಯ ಹೈಸ್ಕೂಲಿಗೆ ವಿಜ್ಞಾನದ ಮೇಡಂ ಆಗಿ ಬಂದೆ, ಲಿಂಗಸುಗೂರಿನಲ್ಲಿ ಕೆಲಸಕ್ಕಿದ್ದ ವೀರೇಶನನ್ನು ಮೆಚ್ಚಿ ಮದುವೆಯಾದೆ, ಸಂತೆಕಲ್ಲೂರಿನ ಈ ಮನೆಗೆ ಹಿರಿಯ ಸೊಸೆಯಾದೆ. ಈ ಮನೆತನಕ್ಕೆ ಹೊರಗಿನಿಂದ ಬಂದ ಮೊದಲ ಸೊಸೆ ನಾನೇ. ಉಳಿದವರೆಲ್ಲ ಒಳಗೊಳಗೇ ಕೊಟ್ಟು ತಂದವರು. ನನ್ನ ಮೈದುನ ಬಸವರಾಜ ತನ್ನ ಸ್ವಂತ ಅಕ್ಕ ಮಹಾದೇವಕ್ಕನ ಮಗಳು ಶಿವಲೀಲಾಳನ್ನೇ ಮದುವೆಯಾಗಿದ್ದಾನೆ. ಹಾಗಾಗಿ ಮಹಾದೇವಕ್ಕ ಅವನಿಗೆ ಅಕ್ಕನೂ ಹೌದು, ಅತ್ತೆಯೂ ಹೌದು. ನಮ್ಮ ಅತ್ತೆಗಂತೂ ಆಕೆ ಮನಸ್ಸು ಸರಿಯಿದ್ದ ದಿನ ಮಗಳು, ಕೆಟ್ಟ ದಿನ ಬೀಗತಿ. ಒಂದೇ ಊಟದಲ್ಲಿ ಪಾಯಸ ಬಡಿಸುವಾಗ ಮಗಳಾಗಿದ್ದವಳು ಮಜ್ಜಿಗೆ ಹೊತ್ತಿಗೆ ಬೀಗತಿಯಾದದ್ದನ್ನು ನಾನೇ ನೋಡಿದ್ದೇನೆ.

ನನ್ನ ಬಗ್ಗೆ ಅತ್ತೆಯದು ಒಂದೇ ಮಾತು: “ಒಳ್ಳೇಕಿ ಅದಾಳ, ಖರೇ. ಆದ್ರ ನಮ್ಮ ರಕ್ತ ಅಲ್ಲ.” ಬೈಗುಳವಲ್ಲ ಅದು. ಬಂದವರಿಗೆ ಮನೆ ತೋರಿಸುವಾಗ ‘ಇದು ಅಡುಗಿ ಮನಿ, ಇದು ಬಚ್ಚಲ’ ಎನ್ನುತ್ತಾರಲ್ಲ, ಅಷ್ಟೇ ಸಹಜವಾಗಿ ಹೇಳುತ್ತಿದ್ದರು. ಅದಕ್ಕೇ ಹೆಚ್ಚು ಉರಿಯುತ್ತಿತ್ತು.

ಮಹಾದೇವಕ್ಕನನ್ನು ಕೊಟ್ಟದ್ದು ವಳಕಮದಿನ್ನಿಗೆ. ಅಲ್ಲಿ ಕಾಲುವೆ ನೀರು, ಕಣ್ಣು ಹಾಯಿಸಿದಷ್ಟು ಭತ್ತ. ಸಂತೆಕಲ್ಲೂರಿನಲ್ಲಿ ಮಳೆ ನಂಬಿದ ಜೋಳ. ಎರಡೂ ಕಡೆಯವರು ಊಟಕ್ಕೆ ಕುಳಿತರೆಂದರೆ ಜಗಳ ಶುರು. “ಜೋಳ ತಿಂದಾವ ತೋಳ, ಅಕ್ಕಿ ತಿಂದಾವ ಹಕ್ಕಿ,” ಎಂದು ಅತ್ತೆ ಕೆಣಕುವರು. ಮಹಾದೇವಕ್ಕನ ಗಂಡ ಪಂಪನಗೌಡ ಮಾವ ಮೀಸೆ ತೀಡುತ್ತ, “ಹಬ್ಬ ಬಂದ್ರ ನಿಮ್ಮ ತೋಳಗೋಳು ಅನ್ನ ಉಣ್ಣಾಕ ನಮ್ಮೂರಿಗೇ ಓಡಿ ಬರ್ತಾವಲ್ರೀ ಅತ್ತಿ,” ಎನ್ನುವರು. ಆ ಗಾದೆಯಲ್ಲಿ ನಮ್ಮ ಕಡೆಯ ರಾಗಿಗೂ ಒಂದು ಮಾತಿದೆ. ಅದನ್ನು ಹೇಳಲು ನಾನು ಬಾಯಿ ತೆರೆದಾಗಲೆಲ್ಲ ಯಾರಾದರೊಬ್ಬರು ನನ್ನ ತಟ್ಟೆಗೆ ಪಲ್ಯ ಬಡಿಸುತ್ತಿದ್ದರು.

ಆ ಬೇಸಿಗೆಯಲ್ಲಿ ಶಿವಲೀಲಾ ಸಿಂಧನೂರಿನ ದವಾಖಾನೆಯಲ್ಲಿ ಹೆತ್ತು, ಬಾಣಂತನಕ್ಕೆ ತವರಾದ ವಳಕಮದಿನ್ನಿಗೆ ಬಂದಿದ್ದಳು. ಹೆಣ್ಣುಕೂಸು, ದುಂಡಗೆ, ದೊಡ್ಡ ಕಂಠದ್ದು. ನಮ್ಮಲ್ಲಿ ಹೊಕ್ಕುಳಬಳ್ಳಿ ಒಣಗಿ ಬೀಳುವವರೆಗೆ ತೊಟ್ಟಿಲಿಗೆ ಹಾಕುವುದಿಲ್ಲ, ಹೆಸರಿಡುವುದಿಲ್ಲ. ವಾರ ಕಳೆಯಿತು, ಎರಡು ವಾರ ಕಳೆಯಿತು. ಹೊಕ್ಕುಳು ಬೀಳಲಿಲ್ಲ. ತಿಂಗಳು ಸಮೀಪಿಸಿತು. ಆಗಲೂ ಅದು ಕಪ್ಪಗೆ, ಹಸಿಹಸಿಯಾಗಿ ಅಂಟಿಕೊಂಡೇ ಇತ್ತು. ಸುತ್ತ ಕೆಂಪಾಯಿತು. ಕೂಸಿಗೆ ಜ್ವರವೂ ಬಂತು.

“ತೊಟ್ಟಲಾ ಯಾವಾಗ್ರೀ?” ಎಂದು ಓಣಿಯವರು ಕೇಳುವರು. “ಭತ್ತದ ಕೊಯ್ಲು ಮುಗೀಲಿ,” ಎಂದರು ಮಹಾದೇವಕ್ಕ. ಕೊಯ್ಲಿನ ಯಂತ್ರ ಬಂದು, ಗದ್ದೆ ಬೋಳಾಗಿ, ಭತ್ತದ ಚೀಲ ಲಾರಿ ಹತ್ತಿದವು. “ಅಯ್ಯನೋರು ಊರಾಗಿಲ್ಲ,” ಎಂದರು. ಅಯ್ಯನವರು ಸಂಜೆ ಅದೇ ಓಣಿಯಲ್ಲಿ ಎಲೆ ಅಡಿಕೆ ಹಾಕಿಕೊಂಡು ತಿರುಗುತ್ತಿದ್ದರು. ಸುಳ್ಳಿಗೂ ಒಂದು ಹಂಗಾಮು ಇರುತ್ತದೆ, ಅದೂ ಮುಗಿಯುತ್ತ ಬಂದಿತ್ತು.

ಇಷ್ಟೆಲ್ಲ ಮುಚ್ಚುಮರೆಗೆ ಕಾರಣವಿತ್ತು. ಶಿವಲೀಲಾಳ ಮೊದಲ ಕೂಸಿಗೂ ಹೀಗೇ ಹೊಕ್ಕುಳು ಬಿದ್ದಿರಲಿಲ್ಲ. ಮೈಮೇಲೆ ಎದ್ದ ಗಾಯಗಳು ಮಾಯಲೇ ಇಲ್ಲ. ಏನೆಂದು ಯಾರಿಗೂ ತಿಳಿಯುವ ಮೊದಲೇ ಆ ಗಂಡುಮಗು ಹೋಗಿಬಿಟ್ಟಿತು. ತೊಟ್ಟಿಲಾಗಿರಲಿಲ್ಲವಾದ್ದರಿಂದ ಅದಕ್ಕೊಂದು ಹೆಸರೂ ಇರಲಿಲ್ಲ. ರಜೆಯೆಂದು ನಾನು ವಳಕಮದಿನ್ನಿಗೆ ಹೋದ ದಿನ ಶಿವಲೀಲಾ ಬಾಣಂತಿ ಕೋಣೆಯಲ್ಲಿ ನನ್ನ ಕೈ ಹಿಡಿದುಕೊಂಡು ಮೆಲ್ಲಗೆ ಕೇಳಿದಳು: “ಅಕ್ಕಾ, ಇದಕ್ಕರ ಹೆಸರಿಡಾಕ ಆಗ್ತದೇನು?” ಪಾಠ ಮಾಡಿ ಮಾಡಿ ಬಾಯಿ ಸವೆದ ನಾನು ಅವತ್ತು ಸುಮ್ಮನೆ ಕೂಸಿನ ಅಂಗಾಲು ಸವರಿದೆ.

ಮರುದಿನ ಎಲ್ಲರೂ ಸಿಂಧನೂರಿನ ಮಕ್ಕಳ ಡಾಕ್ಟರ ಮುಂದೆ. ಎಲ್ಲರೂ ಎಂದರೆ ಎಲ್ಲರೂ. ಕೂಸಿಗೊಂದು ಜ್ವರ ಬಂದರೆ ನಮ್ಮ ಮನೆಯಲ್ಲಿ ಒಂದು ಟಂಟಂ ಆಟೊ ತುಂಬ ಜನ ಹೋಗುತ್ತಾರೆ. ಡಾಕ್ಟರು ಕೂಸನ್ನು ನೋಡಿ, ರಕ್ತ ಪರೀಕ್ಷೆ ಮಾಡಿಸಿ, ಬಿಳಿ ರಕ್ತಕಣ ವಿಪರೀತ ಹೆಚ್ಚಿವೆ ಎಂದರು. ಮೊದಲ ಕೂಸಿನ ವಿಷಯ ಕೇಳಿದ ಮೇಲೆ ಅವರ ಮುಖ ಬಿಗಿಯಿತು.

“ಆ ಕೂಸಿನ ಗಾಯದಾಗ ಕೀವು ಬಂದಿತ್ತೇನು?”

“ಇಲ್ರೀ, ಕೀವು ಬರ್ಲೇ ಇಲ್ಲ,” ಎಂದರು ಅತ್ತೆ, ಕೀವು ಬಾರದ್ದು ಪುಣ್ಯವೆಂಬಂತೆ.

ಡಾಕ್ಟರು ಈ ಕಡೆಯವರೇ. ನಮಗೆ ತಿಳಿಯುವ ಹಾಗೆ ಹೇಳಿದರು. “ನೋಡವ್ವಾ, ರಕ್ತ ಅಂದ್ರ ನಮ್ಮ ಲಿಂಗಸುಗೂರು–ಸಿಂಧನೂರು ಬಸ್ ಇದ್ದಂಗ. ಬಿಳಿ ರಕ್ತಕಣ ಅದರಾಗಿನ ಮಂದಿ. ಮಸ್ಕ್ಯಾಗ ಗಾಯ ಆಗೇತಿ ಅಂದ್ರ ಅವು ಮಸ್ಕ್ಯಾಗ ಇಳೀಬೇಕು, ಅಲ್ಲಿ ಹೊಲಸು ತಿಂದು ಸ್ವಚ್ಛ ಮಾಡ್ಬೇಕು. ಇಳೀಬೇಕಂದ್ರ ಬಾಗಿಲ ಕಂಬಿ ಹಿಡ್ಕೊಬೇಕು. ಹಿಡ್ಕೊಳ್ಳಾಕ ಅವಕ್ಕೊಂದು ಅಂಟೋ ಪ್ರೋಟೀನ್ ಇರ್ತೈತಿ, ಅದ ಅವುಗಳ ಕೈ. ಆ ಕೈ ಇಲ್ಲಂದ್ರ ಇಳಿಯಾಕ ಬರಂಗಿಲ್ಲ. ಸುಮ್ನ ಬಸ್‌ನ್ಯಾಗ ತಿರುಗ್ತಾವ. ಗಾಯಕ್ಕ ಕೀವೂ ಬರಂಗಿಲ್ಲ, ಹೊಕ್ಕಳಾನೂ ಬೀಳಂಗಿಲ್ಲ.”

“ಅದಕ್ಕ ಬಸ್ ತುಂಬೇತಿ ಅನ್ರಿ,” ಎಂದರು ಅತ್ತೆ.

“ಬರೋಬ್ಬರಿ ಹೇಳಿದ್ರಿ,” ಎಂದರು ಡಾಕ್ಟರು.

ಕೂಸಿಗೆ ಔಷಧ ಶುರು ಮಾಡಿದರು. ಆ ಪ್ರೋಟೀನ್ ಇದೆಯೋ ಇಲ್ಲವೋ ಎಂದು ನೋಡಲು ರಕ್ತವನ್ನು ಬೆಂಗಳೂರಿಗೆ ಕಳಿಸಬೇಕು ಎಂದರು. ಅಲ್ಲಿ ಫ್ಲೋ ಸೈಟೋಮೀಟರ್ ಎಂಬ ಯಂತ್ರವಿದೆ. ಪ್ರೋಟೀನಿಗೆ ಅಂಟುವ ಹೊಳೆಯುವ ಬಣ್ಣ ಹಾಕಿ, ಕಣಗಳನ್ನು ಒಂದೊಂದಾಗಿ ಸಾಲುಹಿಡಿಸಿ ಲೇಸರ್ ಬೆಳಕಿನ ಮುಂದೆ ಹಾಯಿಸುತ್ತಾರೆ. ಎಷ್ಟು ಹೊಳೆಯಿತೋ ಅಷ್ಟು ಪ್ರೋಟೀನು. “ಕೂಸಿನ ರಕ್ತದ ಜೋಡಿ ಆರೋಗ್ಯವಂತರೊಬ್ಬರ ರಕ್ತಾನೂ ಹೋಗಬೇಕು. ತಕ್ಕಡಿಗೆ ಕಲ್ಲು ಬೇಕಲ್ಲ, ಹಂಗ,” ಎಂದು ಡಾಕ್ಟರು ಇನ್ನೂ ಏನೋ ಹೇಳುವುದರಲ್ಲಿದ್ದರು. ಅಷ್ಟರಲ್ಲಿ ಯುದ್ಧ ಶುರುವಾಯಿತು.

“ನಮ್ಮ ಬಸ್ಯಾನ ಕುಸ್ತಿ ಮೈ ನೋಡ್ರಿ, ಜೋಳದ ರಕ್ತ,” ಎಂದರು ಅತ್ತೆ. “ಕುಸ್ತಿ ಬಿಟ್ಟು ಎಷ್ಟು ವರ್ಸಾತು! ನಾ ಇವತ್ತಿಗೂ ಭತ್ತದ ಚೀಲ ಹೊರ್ತೀನಿ,” ಎಂದು ಪಂಪನಗೌಡ ಮಾವ ಅಲ್ಲೇ ಅಂಗಿಯ ತೋಳು ಮಡಚಿದರು. ಮಹಾದೇವಕ್ಕ ಆ ಕ್ಷಣಕ್ಕೆ ಬೀಗತಿಯಾಗಿ ಗಂಡನ ಪಕ್ಷ ಹಿಡಿದರು. ಹೊರಗೆ ಕುಳಿತಿದ್ದ ಬೇರೆ ಕೂಸುಗಳ ತಾಯಂದಿರು ಬಾಗಿಲಲ್ಲಿ ಇಣುಕಿದರು. ಡಾಕ್ಟರು ಗಂಟೆ ಬಾರಿಸಿ ಎಲ್ಲರನ್ನೂ ಹೊರಗೆ ಕಳಿಸಿದರು. ಕೊನೆಗೆ ಮಾವನ ರಕ್ತವೇ ಹೋಗುವುದೆಂದಾಯಿತು. ಅಕ್ಕಿ ಗೆದ್ದಿತೆಂದು ಅತ್ತೆ ದಾರಿಯುದ್ದಕ್ಕೂ ಮುಖ ಊದಿಸಿಕೊಂಡಿದ್ದರು.

ರಕ್ತ ತೆಗೆದ ದಿನ, ರಜೆಯಿದ್ದರೂ, ಪರೀಕ್ಷೆಯ ಕೆಲಸಕ್ಕೆಂದು ನಾನು ಮಸ್ಕಿಯ ಶಾಲೆಗೆ ಹೋಗಲೇಬೇಕಾಗಿತ್ತು. ಬಸ್ಸಿಗೆ ಏರಿಸುವ ಹೊಣೆ ಮಾವನದು. ಮಾವನಿಗೆ ದನಗಳ ಆಸ್ಪತ್ರೆಯ ಜೊತೆ ಹಳೆಯ ಒಡನಾಟ. ಲಸಿಕೆ ಹಾಕಲು ಬರುವವರ ಐಸಿನ ಡಬ್ಬಿಯನ್ನು ಎಷ್ಟೋ ಸಲ ಹೊತ್ತವರು. ಎಮ್ಮೆಯ ಲಸಿಕೆಯೇ ಐಸಿನಲ್ಲಿ ಹೋಗುವಾಗ ಮೊಮ್ಮಗಳ ರಕ್ತ ಸುಮ್ಮನೆ ಹೋಗುವುದುಂಟೆ? ಲಗ್ನದ ಮನೆಯ ಐಸ್‌ಕ್ರೀಮಿನ ಥರ್ಮೋಕೋಲ್ ಡಬ್ಬಿಗೆ ಜ್ಯೂಸ್ ಅಂಗಡಿಯ ಐಸ್ ತುಂಬಿ, ನಡುವೆ ನಳಿಕೆಗಳನ್ನು ಹೂತು ಕಳಿಸಿದರು. ಸಾಲದ್ದಕ್ಕೆ ಕ್ಲೀನರನಿಗೆ ದಾರಿಯಲ್ಲಿ ಬಸ್ ನಿಂತಲ್ಲೆಲ್ಲ ಹೊಸ ಐಸ್ ಹಾಕಲು ತಾಕೀತು. ಆ ಬಿಸಿಲಿನಲ್ಲಿ ಆ ಬಸ್ಸಿನಲ್ಲಿ ತಣ್ಣಗೆ ಕುಳಿತು ಹೋದದ್ದು ಅದೊಂದೇ.

ಲ್ಯಾಬಿನಿಂದ ನನಗೆ ಫೋನು ಬಂತು. “ಐಸಲ್ಲಿಟ್ಟು ಕಳಿಸಿಬಿಟ್ಟಿದ್ದೀರಲ್ಲ ಮೇಡಂ, ಕಣಗಳೆಲ್ಲ ಹಾಳಾಗಿವೆ. ಇದನ್ನು ಮಾಮೂಲಿ ಕೋಣೆಯ ಹವೆಯಲ್ಲೇ ಕಳಿಸಬೇಕು. ಇನ್ನೊಂದು ವಿಷಯ, ಆರೋಗ್ಯವಂತರ ಸ್ಯಾಂಪಲ್ಲು ಮಗುವಿನ ತಾತನದ್ದು ಅಂತ ಬರೆದಿದೆ. ರಕ್ತಸಂಬಂಧಿಗಳದ್ದು ಆಗೋದಿಲ್ಲ, ಅವರಲ್ಲೂ ಅದೇ ಕೊರತೆ ಇರಬಹುದು.”

ಡಾಕ್ಟರು ಅವತ್ತು ಹೇಳಹೊರಟಿದ್ದು ಈ ಎರಡು ಮಾತುಗಳನ್ನೇ. ತೋಳ ಮತ್ತು ಹಕ್ಕಿಗಳ ಗದ್ದಲದಲ್ಲಿ ಕೇಳಿಸಿರಲಿಲ್ಲ.

ವಳಕಮದಿನ್ನಿಯ ಪಡಸಾಲೆಯಲ್ಲಿ ಸಭೆ ಸೇರಿತು. ಮಾವ ಮೂಲೆಯಲ್ಲಿ ತಲೆ ತಗ್ಗಿಸಿ ಕುಳಿತಿದ್ದರು. ಅತ್ತೆ ಬೆರಳು ಮಡಚುತ್ತ ಎಣಿಸತೊಡಗಿದರು. ಬಸ್ಯಾ ಅಪ್ಪ, ಆಗುವುದಿಲ್ಲ. ವೀರೇಶ ದೊಡ್ಡಪ್ಪ, ಆಗುವುದಿಲ್ಲ. ಗುರುಗುಂಟಾದ ಕಾಕಾ, ಅವನೂ ಸುತ್ತಿ ಬಳಸಿ ಎರಡು ಕಡೆಯಿಂದ ಬೇಕಾದವನೇ. ಊರಿನ ಬೇರೆಯವರನ್ನು ಕೇಳೋಣವೆಂದ ಬಸವರಾಜ. “ಏ ಸುಮ್ಕಿರಲೇ! ಕೇಳಿದ್ರ ಯಾಕ ಅಂತಾರ. ಕೂಸಿಗೆ ನಾವು ಹೆಸರಿಡೂಕಿಂತ ಮೊದಲ ಊರ ಮಂದಿ ಬ್ಯಾನಿ ಹೆಸರಿಡ್ತಾರ,” ಎಂದರು ಮಹಾದೇವಕ್ಕ. ಹಾಗೆಂದ ಮೇಲೆ ಅವರು ಅತ್ತರು. ಮಗಳನ್ನು ತಮ್ಮನಿಗೇ ಕೊಟ್ಟು ತಪ್ಪು ಮಾಡಿದೆನೆ ಎಂದು ಅತ್ತರು. ಯಾರೂ ಆಕೆಯನ್ನು ಬೀಗತಿ ಎನ್ನಲಿಲ್ಲ.

“ಅಂದ್ರ ಮನಿ ಒಳಗಿನವ್ರ ಆಗಬೇಕು, ಮನಿ ರಕ್ತ ಇರಬಾರದು,” ಎಂದು ಅತ್ತೆ ತಮ್ಮಷ್ಟಕ್ಕೇ ಹೇಳಿಕೊಂಡರು. “ಅಂಥವ್ರು ಯಾರದಾರ ನಮ್ಮ ಮನ್ಯಾಗ…”

ಒಬ್ಬೊಬ್ಬರಾಗಿ ಎಲ್ಲರೂ ನನ್ನ ಕಡೆ ನೋಡಿದರು. ನಾನು ಅಡುಗೆಮನೆಯ ಬಾಗಿಲಲ್ಲಿ ಚಹದ ತಟ್ಟೆ ಹಿಡಿದು ನಿಂತಿದ್ದೆ. ಇಷ್ಟು ವರ್ಷ ಬಂದವರಿಗೆಲ್ಲ ಹೇಳಿದ ಆ ಮಾತು ಈಗ ಅತ್ತೆಯ ಗಂಟಲಲ್ಲೇ ಸಿಕ್ಕಿಕೊಂಡದ್ದು ನನಗೆ ಕಾಣಿಸಿತು. ಸೇಡು ತೀರಿಸಿಕೊಳ್ಳಲು ಅದಕ್ಕಿಂತ ಒಳ್ಳೆಯ ಗಳಿಗೆ ಬೇಕಿರಲಿಲ್ಲ. ಆದರೆ ಒಳಗೆ ಕೂಸು ಅಳುತ್ತಿತ್ತು.

“ನನ್ನ ರಕ್ತ ತಗೊಳ್ಳಿ ಅತ್ತೆ. ನಾನೇ ಬೆಂಗಳೂರಿಗೆ ತಗೊಂಡು ಹೋಗ್ತೀನಿ. ಕಮ್ಮಿ ಬಿದ್ದರೆ ಅಲ್ಲೇ ಇನ್ನಷ್ಟು ಕೊಡ್ತೀನಿ,” ಎಂದೆ.

ಪಂಪನಗೌಡ ಮಾವ ತಲೆಯೆತ್ತಿದರು. “ಅದೇನವ್ವಾ, ಆ ಗಾದ್ಯಾಗ ರಾಗೀದು ಏನೋ ಹೇಳಾಕ ಬರ್ತಿದ್ದೆಲ್ಲ ನೀ? ಏನದು?”

“ರಾಗಿ ತಿಂದವನು ನಿರೋಗಿ,” ಎಂದೆ.

ಯಾರೂ ಪಲ್ಯ ಬಡಿಸಲಿಲ್ಲ.

ರೊಟ್ಟಿ ಡಬ್ಬಿಯಲ್ಲಿ ಹತ್ತಿ ಹಾಸಿ, ಕೂಸಿನ ರಕ್ತ ಮತ್ತು ನನ್ನ ರಕ್ತವನ್ನು ಜೊತೆಗಿಟ್ಟುಕೊಂಡು ಸಿಂಧನೂರಿನಲ್ಲಿ ಬಸ್ ಹತ್ತಿದೆ. ಐಸಿನ ಪೆಟ್ಟು ತಿಂದಿದ್ದ ಮಾವ ಈಗ ತಂಪು ಎಂದರೆ ಬೆಚ್ಚುತ್ತಿದ್ದರು. ಎಸಿ ಇಲ್ಲದ ಬಸ್ಸನ್ನೇ ಹುಡುಕಿ ಕೂರಿಸಿದರು. ಕಿಟಕಿಯ ಗಾಳಿಯೂ ಡಬ್ಬಿಗೆ ತಾಗದಂತೆ ಟವೆಲು ಸುತ್ತಿದರು. ರಕ್ತ ಚೆನ್ನಾಗಿ ತಲುಪಿತು, ನಾನು ಬೆಂದು ತಲುಪಿದೆ. ಇನ್ನೊಂದು ಗಂಟಿನಲ್ಲಿ ಅತ್ತೆ ಕಟಕ ರೊಟ್ಟಿ, ಶೇಂಗಾ ಹಿಂಡಿ, ಎಳ್ಳುಂಡೆ ಕಟ್ಟಿದ್ದರು. “ರಕ್ತ ಕೊಟ್ಟೀದಿ, ತಿನ್ನು,” ಎಂದಿದ್ದರು, ನನ್ನ ಮುಖ ನೋಡದೆ.

ಫಲಿತಾಂಶಕ್ಕೆ ಕಾದ ದಿನಗಳಲ್ಲಿ ನಮ್ಮ ಮನೆಯಲ್ಲಿ ಯಾರೂ ಜಗಳವಾಡಲಿಲ್ಲ. ನನಗೆ ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು. ಅತ್ತೆ ಅನ್ನವನ್ನು ಹೊಗಳಿದರು. ಮಾವ ರೊಟ್ಟಿ ಕೇಳಿ ಹಾಕಿಸಿಕೊಂಡರು. ಶಿವಲೀಲಾ ಕೂಸನ್ನು ಎದೆಯಿಂದ ಇಳಿಸಲೇ ಇಲ್ಲ.

ಮತ್ತೆ ಒಂದು ಟಂಟಂ ತುಂಬ ಜನ ಡಾಕ್ಟರ ಮುಂದೆ ನಿಂತೆವು. ಅವರು ಹಾಳೆ ತಿರುಗಿಸಿ ತೋರಿಸಿದರು. ಅದರಲ್ಲಿ ಗುಡ್ಡಗಳ ಹಾಗೆ ಮೂರು ಗೆರೆಗಳಿದ್ದವು. “ಎಡಕ್ಕ ಐತಲ್ಲ, ಅದು ಏನೂ ಹೊಳೀಲಾರದ್ದು. ಬ್ಯಾನಿ ಇದ್ದಿದ್ರ ಕೂಸಿನ ಗುಡ್ಡ ಅಲ್ಲೇ ಇರ್ತಿತ್ತು. ಬಲಕ್ಕ ‘ನಾರ್ಮಲ್’ ಅಂತ ಬರದಾರಲ್ಲ, ಅದು ಮೇಡಂ ಅವ್ರದು, ಆರೋಗ್ಯವಂತರದು. ಕೂಸಿಂದು ಇಲ್ಲೈತಿ ನೋಡ್ರಿ, ಮೇಡಂ ಗುಡ್ಡದ ಮಗ್ಗಲಿಗೇ. ಮೇಡಂಗೆ ಇದ್ದದ್ದರಾಗ ಅರ್ಧ ಐತಿ.”

‘ಅರ್ಧ’ ಎಂಬುದೊಂದೇ ಕಿವಿಗೆ ಬಿದ್ದು ಅತ್ತೆ ಹಣೆ ಬಡಿದುಕೊಂಡರು. “ಅರ್ಧಾ ಅಷ್ಟ ಏನ್ರಿ? ಯಪ್ಪಾ, ಇನ್ನರ್ಧ ಎಲ್ಲಿಂದ ತರೋದ್ರೀ!”

“ಯವ್ವಾ, ಅಳಬ್ಯಾಡ್ರಿ. ಒಂದು ಕೈಯಾಗ ಚೀಲ ಹಿಡದು, ಇನ್ನೊಂದೇ ಕೈಲೆ ಕಂಬಿ ಹಿಡದು ಬಸ್ ಇಳಿಯೋರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ? ಒಂದು ಕೈ ಇದ್ರ ಸಾಕು. ಕೂಸಿಗೆ ಆ ಬ್ಯಾನಿ ಇಲ್ಲ. ಇದರವ್ವಗೂ ಅಪ್ಪಗೂ ಹಿಂಗ ಅರ್ಧಾನ ಇರಬೇಕು. ಮೊದಲ ಕೂಸಿಗೆ ಇಬ್ಬರ ಕೊರತೀನೂ ಬಂದಿರಬೇಕು. ಮುಂದ ಬಸುರಾದ್ರ ನನಗ ಜಲ್ದಿ ಹೇಳ್ರಿ.” (ಆಮೇಲೆ ನೋಡಿಸಿದರೆ ಗಂಡ ಹೆಂಡತಿ ಇಬ್ಬರದೂ ಅರ್ಧರ್ಧವೇ ಇತ್ತು.)

ಶಿವಲೀಲಾ ಕೂಸಿನ ನೆತ್ತಿಗೆ ಮುಖ ಒತ್ತಿಕೊಂಡಳು. ಬಸವರಾಜ ಗೋಡೆಯ ಕಡೆ ತಿರುಗಿ ಮೂಗು ಒರೆಸಿಕೊಂಡ. ನನಗೂ ಕಣ್ಣು ತುಂಬಿತು. ಡಾಕ್ಟರು ಮಾತ್ರ ಹುಬ್ಬು ಗಂಟು ಹಾಕಿದರು.

“ಹಂಗಾದ್ರ ಹೊಕ್ಕಳ ಯಾಕ ಬಿದ್ದಿಲ್ಲ? ಅದಕ್ಕೇನರ ಹಚ್ಚಾಕತ್ತೀರೇನು?”

ಶಿವಲೀಲಾ ಕೂಸಿನ ಬಟ್ಟೆ ಎಳೆದು ಹೊಕ್ಕುಳು ಮುಚ್ಚಿದಳು.

“ನಾ ಸ್ಪಿರಿಟ್ ಹಚ್ತಿದ್ದೆ,” ಎಂದಳು ಶಿವಲೀಲಾ. “ದಿನಾ ಮುಂಜಾನೆ, ಸಂಜಿಗೆ. ಸ್ವಚ್ಛ ಇರಲಿ ಅಂತ.”

“ನಾ ಅರಿಷಿಣ ಎಣ್ಣಿ,” ಎಂದರು ಮಹಾದೇವಕ್ಕ, “ಆಕಿ ಮಲಗಿದಾಗ.”

“ವಿಭೂತಿನ ಹಳ್ಳೆಣ್ಣ್ಯಾಗ ಕಲಸಿ…” ಎಂದು ಅತ್ತೆ ಸೆರಗು ಸರಿಪಡಿಸಿಕೊಂಡರು, “ಇವರಿಬ್ಬರೂ ಒಳಗ ಹೋದಾಗ.”

ಡಾಕ್ಟರು ಮೆಲ್ಲಗೆ ಪಂಪನಗೌಡ ಮಾವನ ಕಡೆ ತಿರುಗಿದರು. ಮಾವ ಮೀಸೆ ಮುಟ್ಟಿಕೊಂಡರು. “ಕರುವಿನ ಹೊಕ್ಕಳಕ್ಕ ಹಚ್ಚೋ ಕೆಂಪು ಔಷಧ ಐತ್ರಿ ಮನ್ಯಾಗ. ಛಲೋ ಔಷಧ. ಒಂದ್ಹನಿ ಅಷ್ಟ.”

ಒಬ್ಬರಿಗೊಬ್ಬರು ಕಾಣದಂತೆ, ಎಲ್ಲರೂ ಪ್ರೀತಿಯಿಂದ, ಆ ಹೊಕ್ಕುಳನ್ನು ಒಣಗಲು ಬಿಡದೆ ತಿಂಗಳಿಡೀ ತೋಯಿಸಿದ್ದರು. ಅದು ಬೀಳುವುದಾದರೂ ಹೇಗೆ? ಡಾಕ್ಟರು ನಕ್ಕರೋ ಬೈದರೋ ನನಗೆ ನೆನಪಿಲ್ಲ. ಸೋಂಕು ತಗುಲಿ ಬಿಳಿಕಣ ಹೆಚ್ಚಿದ್ದೂ ಇದೇ ಉಪಚಾರದಿಂದ ಇರಬಹುದು ಎಂದರು. ಇನ್ನು ಮೇಲೆ ಯಾರೂ ಏನೂ ಹಚ್ಚಕೂಡದು, ನೋಡುವುದಿದ್ದರೆ ದೂರದಿಂದ ನೋಡಬೇಕು ಎಂದು ಕಟ್ಟಪ್ಪಣೆ ಮಾಡಿದರು. ನಾಲ್ವರೂ ಪರಸ್ಪರ ಕಾವಲು ಕುಳಿತರು. ವಾರ ತುಂಬುವುದರೊಳಗೆ ಹೊಕ್ಕುಳು ತಾನಾಗಿ ಬಿತ್ತು.

ತೊಟ್ಟಿಲ ಕಾರ್ಯ ದೊಡ್ಡದಾಗಿಯೇ ಆಯಿತು. ಜೋಳದ ರೊಟ್ಟಿಯೂ ಇತ್ತು, ವಳಕಮದಿನ್ನಿಯ ಅನ್ನವೂ ಇತ್ತು. ನನಗೆಂದು ಮಾವ ಸಿಂಧನೂರೆಲ್ಲ ಹುಡುಕಿ ರಾಗಿ ಹಿಟ್ಟು ತಂದಿದ್ದರು. ಅದರಲ್ಲಿ ಮುದ್ದೆ ಮಾಡಲು ಯಾರಿಗೂ ಬಾರದೆ ಅದು ಗಂಜಿಯಾಯಿತು, ನಾನು ಅದನ್ನೇ ಕುಡಿದೆ. ಸೋದರತ್ತೆಯಾಗಿ ಮಹಾದೇವಕ್ಕ ಕೂಸಿನ ಕಿವಿಯಲ್ಲಿ ‘ಗಿರಿಜಾ’ ಎಂದಾಗ ಶಿವಲೀಲಾ ಆ ಹೆಸರನ್ನು ಮತ್ತೆ ಮತ್ತೆ ಬಾಯಲ್ಲೇ ಹೇಳಿಕೊಳ್ಳುತ್ತಿದ್ದಳು.

ಬಂದವರಲ್ಲಿ ಗುರುಗುಂಟಾದ ಕಾಕಿಯೊಬ್ಬರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ ಅತ್ತೆಯನ್ನು ಕೇಳಿದರು: “ಇಕಿ ಅಲ್ಲೇನು ನಿಮ್ಮ ಹಿರೇ ಸೊಸಿ, ಹೊರಗಿನಾಕಿ?”

ನಾನು ಆ ಹಳೆಯ ಮಾತಿಗೆ ಕಿವಿ ಗಟ್ಟಿ ಮಾಡಿಕೊಂಡೆ. ಅತ್ತೆ ಎದ್ದು ಒಳಗೆ ಹೋದರು. ಬರುವಾಗ ಕೈಯಲ್ಲಿ ಆ ಬೆಂಗಳೂರಿನ ಹಾಳೆ. ಯಾವಾಗ ಹಾಕಿಸಿದ್ದರೋ ಏನೋ, ಅದಕ್ಕೆ ಪ್ಲಾಸ್ಟಿಕ್ ಹೊದಿಕೆಯೂ ಬಿದ್ದಿತ್ತು. ನನ್ನ ಗುಡ್ಡದ ಮೇಲೆ ಬೆರಳಿಟ್ಟು ಕಾಕಿಯ ಮುಖದ ಮುಂದೆ ಹಿಡಿದರು.

“ಹೌದಬೇ, ನಮ್ಮ ರಕ್ತ ಅಲ್ಲ. ಆದ್ರ ಇಲ್ಲಿ ನೋಡು. ನಮ್ಮ ಪದ್ಮಾ ನಾರ್ಮಲ್ ಅದಾಳ ಅಂತ ಬೆಂಗಳೂರಿನವ್ರು ಬರ್ದು ಕೊಟ್ಟಾರ. ನಿನ್ನ ಸೊಸಿ ನಾರ್ಮಲ್ ಅಂತ ಯಾರರ ಬರ್ದು ಕೊಟ್ಟಾರೇನು?”